ಎಂಬತ್ತನಾಲ್ಕು ಹೆಜ್ಜೆ

ನಾನು ನಿವೃತ್ತಿಯಾಗಿ ಆರು ವರ್ಷವಾಯಿತು. ಕೆಲಸದಲ್ಲಿದ್ದಾಗ ಎಂಟು ಗಂಟೆಗೆ ಎಬ್ಬಿಸಿದರೂ ಏಳದಿದ್ದವನಿಗೆ ಈಗ ಐದಕ್ಕೇ ಎಚ್ಚರ. ಎದ್ದು ಮಾಡುವುದೇನೂ ಇಲ್ಲ. ಮಾತ್ರೆ ಡಬ್ಬಿ ಮುಂದಿಟ್ಟುಕೊಂಡು, ತಿಂಡಿಗೆ ಮುಂಚೆ ನುಂಗಬೇಕಾದದ್ದು ಬಿಳಿಯದೋ ಹಳದಿಯದೋ ಎಂದು ಯೋಚಿಸುತ್ತೇನೆ. ಪೇಪರಿನವನು ತಡಮಾಡಿದರೆ ಅವನನ್ನು ಬೈಯುತ್ತೇನೆ, ಬೇಗ ಬಂದರೆ ಪೇಪರಿನಲ್ಲಿರುವವರನ್ನು ಬೈಯುತ್ತೇನೆ. ಮೂವತ್ತಮೂರು ವರ್ಷ ನಗರಸಭೆಯಲ್ಲಿ ಗುಮಾಸ್ತನಾಗಿದ್ದೆ. ಊರಿನ ಜನನ ಮರಣ, ಚರಂಡಿಯ ದೂರು, ಬೀದಿದೀಪದ ಅರ್ಜಿ ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕಿತ್ತು. ಈಗ ಅದೇ ಕಚೇರಿಗೆ ಹೋದರೆ ಬಾಗಿಲಲ್ಲಿ ಕೂತವನು "ಏನ್ ಬೇಕಿತ್ತು ತಾತಾ?" ಎನ್ನುತ್ತಾನೆ. ಅವನ ಹಲ್ಲು ಉದುರಿಸಬೇಕು ಅನ್ನಿಸುತ್ತದೆ. ಅಷ್ಟು ಕೈಬಲ ಉಳಿದಿಲ್ಲವಾದ್ದರಿಂದ ಸುಮ್ಮನಿರುತ್ತೇನೆ.

ನನ್ನ ಸಂಕಟ ಹಾಗಿರಲಿ. ಹೇಳಹೊರಟಿದ್ದು ನನ್ನ ಭಾವನ ವಿಷಯ. ಭಾವ ಎಂದರೆ ಅಕ್ಕನ ಗಂಡ. ಅದೇ ನಗರಸಭೆಯಲ್ಲಿ ನೀರಿನ ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದರು. ನನಗಿಂತ ಐದು ವರ್ಷ ದೊಡ್ಡವರು, ಈಗ ಎಪ್ಪತ್ತೊಂದು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲ ಅವರ ಕೈಯಲ್ಲಿತ್ತು. ಎದೆಯೆತ್ತರದ, ಮೇಲೆ ಅಡ್ಡ ಹಿಡಿಕೆಯಿರುವ ಒಂದು ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಅವರು ಬೀದಿಗೆ ಬಂದರೆಂದರೆ ಮನೆಮನೆಯಲ್ಲೂ ಬಿಂದಿಗೆ ಸದ್ದು ಶುರುವಾಗುತ್ತಿತ್ತು. ಜನ ಅವರನ್ನು ಹೆಸರಿಟ್ಟು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಎಲ್ಲರಿಗೂ ಅವರು "ನೀರಣ್ಣ."

ಭಾವನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಬೀದಿಗೊಂದು ಪುಟ. ಮೇಲೆ ಬೀದಿಯ ಒಟ್ಟು ಉದ್ದ, ಕೆಳಗೆ ಒಂದೊಂದು ವಾಲ್ವ್ ಎಲ್ಲಿದೆ ಎಂಬ ವಿವರ. ಎಲ್ಲವೂ ಹೆಜ್ಜೆಯ ಲೆಕ್ಕದಲ್ಲಿ. "ಶಾಲೆ ಗೇಟಿನ ಎಡಗಂಬದಿಂದ ಚರಂಡಿ ಅಂಚಿನಲ್ಲೇ ಎಂಬತ್ತನಾಲ್ಕು ಹೆಜ್ಜೆ" ಎಂದು ಬರೆದಿದ್ದರೆ ಕಣ್ಣುಮುಚ್ಚಿ ನಡೆದು ಅಲ್ಲಿ ಅಗೆಯಬಹುದು, ವಾಲ್ವ್ ಇರುತ್ತಿತ್ತು. ಇಲಾಖೆಯವರು ಕೊಟ್ಟ ಟೇಪು ಎರಡೇ ತಿಂಗಳಿಗೆ ತುಂಡಾಯಿತಂತೆ. "ಕಾಲು ತುಂಡಾಗಲ್ಲ, ಮರೆತು ಬರೋಕೂ ಆಗಲ್ಲ" ಎನ್ನುವುದು ಅವರ ವಾದ.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಭಾವ ಆ ಪುಸ್ತಕವನ್ನು ಕಚೇರಿಗೆ ತಂದರು. ದಾಖಲೆಯಲ್ಲಿ ಸೇರಿಸಿಕೊಳ್ಳಿ, ನಾಳೆ ನಾನಿಲ್ಲದಿದ್ದರೂ ಯಾರಿಗಾದರೂ ಬೇಕಾಗುತ್ತದೆ ಎಂದರು. ನನಗಾಗ ಇಪ್ಪತ್ತೆಂಟು. ಮೇಜು, ಮುದ್ರೆ, ಕೆಂಪು ಶಾಯಿಯ ಪೆನ್ನು ಮೂರೂ ಒಟ್ಟಿಗೆ ಸಿಕ್ಕಿದ್ದರಿಂದ ಕಾಲು ನೆಲದ ಮೇಲಿರಲಿಲ್ಲ. ಸ್ವಂತ ಅಕ್ಕನ ಗಂಡನ ಪುಸ್ತಕದ ಮೊದಲ ಪುಟದಲ್ಲಿ ಹೀಗೆ ಬರೆದು ವಾಪಸ್ ಕೊಟ್ಟೆ: "ಹೆಜ್ಜೆಯು ಅಂಗೀಕೃತ ಅಳತೆಯಲ್ಲ. ಹಿಂತಿರುಗಿಸಲಾಗಿದೆ." ಕೆಳಗೆ ಸಹಿ, ಮುದ್ರೆ. ಭಾವ ಓದಿಕೊಂಡು, "ಸರಿ ಗುಮಾಸ್ತರೇ" ಎಂದು ಎದ್ದುಹೋದರು. ಅಂದಿನಿಂದ ಇಂದಿನವರೆಗೂ, ನನ್ನ ಕಾಲೆಳೆಯಬೇಕೆನಿಸಿದಾಗಲೆಲ್ಲ ಅವರು ನನ್ನನ್ನು ಗುಮಾಸ್ತರೇ ಎಂದೇ ಕರೆಯುವುದು.

ಇನ್ನು ಅಕ್ಕ. ಶಾಲೆಯ ಬೀದಿಯಲ್ಲಿ ಐದು ಸಣ್ಣ ಅಂಗಡಿಗಳ ಸಾಲಿದೆ. ಕೊನೆಯದು ಅವಳದು, ಟೈಲರ್ ಅಂಗಡಿ. ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಅದರಲ್ಲೇ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಹಲಗೆ, ಇಸ್ತ್ರಿಪೆಟ್ಟಿಗೆ, ಒಂದು ಸ್ಟೂಲು, ಮೂವತ್ತೊಂದು ವರ್ಷ. ಇಬ್ಬರು ಹೆಣ್ಣುಮಕ್ಕಳ ಓದು, ಮದುವೆ ಎಲ್ಲವೂ ಆ ಯಂತ್ರದ ಕಾಲಡಿಯಿಂದಲೇ ಬಂದದ್ದು. ಅಕ್ಕನದೊಂದು ಹಟವಿದೆ. ಹಳೆಯ ಅಳತೆಗೆ ಕತ್ತರಿ ಹಾಕುವುದಿಲ್ಲ. ಹೋದ ತಿಂಗಳಷ್ಟೇ ಅಂಗಿ ಹೊಲಿಸಿಕೊಂಡವನು ಬಂದರೂ "ನಿಲ್ಲಿ ನೆಟ್ಟಗೆ" ಎಂದು ಟೇಪು ಹಿಡಿಯುತ್ತಾಳೆ. ಅವಸರವಿದೆ, ಪುಸ್ತಕದಲ್ಲಿ ಇರುವುದನ್ನೇ ಹಾಕಿ ಎಂದರೆ, "ಹಾಗಾದ್ರೆ ಬಟ್ಟೇನ ಪುಸ್ತಕಕ್ಕೇ ತೊಡಿಸಿ" ಎನ್ನುತ್ತಾಳೆ. ನಾನಂತೂ ಅವಳ ಕೈಯಲ್ಲಿ ನೂರು ಸಲವಾದರೂ ಅಳೆಸಿಕೊಂಡಿದ್ದೇನೆ, ಪ್ರತಿ ಸಲವೂ ಬೈಸಿಕೊಂಡಿದ್ದೇನೆ.

ಈ ಅಂಗಡಿಗೇ ಕುತ್ತು ಬಂತು.

ಎಂಟು ತಿಂಗಳಿನಿಂದ ಆ ಬೀದಿಯಲ್ಲಿ ನೀರಿಲ್ಲ. ಮೇಲಿನ ಹೊಸ ಬಡಾವಣೆಗೆ ಲೈನ್ ತಿರುಗಿಸಿದ ಮೇಲೆ ಇಲ್ಲಿ ನಲ್ಲಿ ಬಿಟ್ಟರೆ ಬರೀ ಗಾಳಿ. ವಾರಕ್ಕೆ ಎರಡು ಸಲ ಟ್ಯಾಂಕರ್ ಬರುತ್ತಿತ್ತು, ಅದರ ಹಿಂದೆ ಜಗಳ ಬರುತ್ತಿತ್ತು. ಆಗ ನಮ್ಮ ವಾರ್ಡಿನ ಸದಸ್ಯರಿಗೆ ಒಂದು ಯೋಜನೆ ಹೊಳೆಯಿತು. ಬೀದಿಯುದ್ದಕ್ಕೂ ಹೊಸ ಪೈಪ್ ಹಾಕುವುದು, ಅದಕ್ಕೆ ಅಂಗಡಿಗಳ ಕಡೆಯಿಂದಲೇ ರಸ್ತೆ ಅಗೆಯುವುದು, ಅಗೆಯಲು ಜಾಗ ಬೇಕಾದ್ದರಿಂದ ಐದೂ ಅಂಗಡಿಗಳನ್ನು ತೆಗೆಸುವುದು. ಈ ಸದಸ್ಯರಿಗೆ ಊರು ಇಟ್ಟ ಹೆಸರು "ಉದ್ಘಾಟನೆ." ಬಸ್ ನಿಲ್ದಾಣದ ಒಂದು ಬೆಂಚಿಗೆ ಬಣ್ಣ ಬಳಿದರೂ ರಿಬ್ಬನ್ ಕಟ್ಟಿಸುವ ಮನುಷ್ಯ. ಕೆಟ್ಟವನೆಂದು ಹೇಳಲಾರೆ. ಕತ್ತರಿ ಕಂಡರೆ ಕೈ ತಾನಾಗಿ ಮುಂದೆ ಬರುತ್ತದೆ, ಅಷ್ಟೆ. ಪೈಪ್ ಇನ್ನೂ ಊರಿಗೇ ಬಂದಿರಲಿಲ್ಲ, ಚರಂಡಿ ಪಕ್ಕದಲ್ಲಿ ಕಟ್ಟೆ ಕಟ್ಟಿಸಿ ತಮ್ಮ ಹೆಸರಿನ ಅಡಿಗಲ್ಲು ನೆಡಿಸಿಬಿಟ್ಟರು. ಅದಾದ ವಾರಕ್ಕೆ ಅಂಗಡಿಗಳ ಬಾಗಿಲಿಗೆ ನೋಟಿಸು ಅಂಟಿತು. ಮುಂದಿನ ಸೋಮವಾರದೊಳಗೆ ಖಾಲಿ ಮಾಡಬೇಕು.

ಅಕ್ಕ ನೋಟಿಸನ್ನು ಓದಿ, ಕಿತ್ತು, ಅದರ ಹಿಂಬದಿಯ ಖಾಲಿ ಜಾಗದಲ್ಲಿ ಯಾರದೋ ಕಾಲರಿನ ಅಳತೆ ಬರೆದುಕೊಂಡಳು. ಆದರೆ ಅಂದು ಸಂಜೆ ನಾನು ಹೋದಾಗ ಯಂತ್ರ ನಿಂತಿತ್ತು. ಅವಳು ಸುಮ್ಮನೆ ಅದರ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಇದನ್ನ ಮನೆಗೆ ತಗೊಂಡು ಹೋಗಿ ಎಲ್ಲಿ ಇಡೋದೋ? ಅಲ್ಲಿ ಯಾರು ಬರ್ತಾರೆ?" ಎಂದಳು. ಅರವತ್ತೆಂಟು ವರ್ಷದ ನನ್ನ ಅಕ್ಕನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಸ್ಟೂಲಿನ ಮೇಲೆ ಕೂತಿದ್ದ ಭಾವ ಆಗ ಬಾಯಿಬಿಟ್ಟರು. "ಹೊಸ ಪೈಪ್ ಯಾಕೆ ಬೇಕು? ಹಳೇ ಲೈನ್ ಇದ್ಯಲ್ಲ."

"ಅದನ್ನ ಕತ್ತರಿಸಿ ಹಾಕಿದಾರಂತಲ್ಲ ಭಾವ," ಎಂದೆ.

"ಯಾರು ಹೇಳಿದ್ದು? ಕತ್ತರಿಸಿಲ್ಲ, ಮುಚ್ಚಿರೋದು. ಮುಚ್ಚಿದವನು ನಾನೇ. ಇಪ್ಪತ್ತು ವರ್ಷದ ಹಿಂದೆ ಮೇಲಿನ ಲೈನ್ ತಂದು ಇದೇ ಬೀದಿ ಪೈಪಿಗೆ ಸೇರಿಸಿದ್ರಲ್ಲ, ಆವತ್ತು ಹದಿನೆಂಟು ಸುತ್ತು ತಿರುಗಿಸಿ ಮುಚ್ಚಿದೆ. ಹಳೇ ಟ್ಯಾಂಕಿನ ನೀರು ಇವತ್ತಿಗೂ ಆ ವಾಲ್ವ್ ತನಕ ಬಂದು ನಿಂತಿರುತ್ತೆ. ಮೇಲೆ ಮೂರು ಸಲ ಡಾಂಬರು ಹಾಕಿದಾರೆ, ಕಾಣಿಸಲ್ಲ ಅಷ್ಟೆ."

ಕಚೇರಿಯಲ್ಲಿದ್ದ ನಕ್ಷೆಯನ್ನು ಗೆದ್ದಲು ತಿಂದು ವರ್ಷಗಳಾಗಿತ್ತು. ಅದು ನನಗೆ ಚೆನ್ನಾಗಿ ಗೊತ್ತು, ಆ ಬೀರು ನನ್ನ ಸುಪರ್ದಿನಲ್ಲೇ ಇತ್ತು. ಉಳಿದಿದ್ದದ್ದು ಭಾವನ ಪುಸ್ತಕ ಒಂದೇ.

ಅರ್ಜಿ ನಾನು ಬರೆದೆ. ಅರ್ಜಿ ಬರೆಯುವುದರಲ್ಲಿ ಇಂದಿಗೂ ನನ್ನನ್ನು ಮೀರಿಸುವವರಿಲ್ಲ, ಈ ಮಾತಿನಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ವಾರ್ಡ್ ಸಭೆಯಲ್ಲಿ ಅದನ್ನು ಓದಿದಾಗ ಉದ್ಘಾಟನೆ ಸಾಹೇಬರು ನಕ್ಕರು. ಅವರ ಸುತ್ತ ಕೂತವರು ಏಕೆಂದು ಗೊತ್ತಿಲ್ಲದಿದ್ದರೂ ನಕ್ಕರು.

"ನೀರಣ್ಣಾ, ನಿಮ್ಮ ಮೇಲೆ ನಂಗೆ ಗೌರವ ಇದೆ. ಚಿಕ್ಕವನಿದ್ದಾಗ ನಿಮ್ಮ ಕೀಲಿ ಹಿಡ್ಕೊಂಡು ಜೋತಾಡಿದವನು ನಾನು. ಆದ್ರೆ ವಯಸ್ಸಾಯ್ತು. ಎಲ್ಲಿದೆ ಅನ್ನೋದು ನಿಮಗೆ ನೆನಪಿರುತ್ತಾ?"

"ನೆನಪು ಯಾಕೆ ಬೇಕು? ಬರೆದಿದೀನಿ," ಎಂದರು ಭಾವ.

ಸಭೆಯಲ್ಲಿ ನಗರಸಭೆಯ ಹೊಸ ಇಂಜಿನಿಯರ್ ಇದ್ದಳು. ಮೂವತ್ತು ದಾಟಿರದ ಹೆಣ್ಣುಮಗಳು, ಮಾತು ಕಡಿಮೆ. ಅವಳು ಪುಸ್ತಕ ತರಿಸಿಕೊಂಡು ನಿಧಾನವಾಗಿ ಪುಟ ತಿರುಗಿಸಿದಳು. ಮೊದಲ ಪುಟದಲ್ಲಿ ನನ್ನ ಕೆಂಪು ಶಾಯಿ ಕಂಡಿರಬೇಕು, ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ನಾನು ಸೂರಿನ ಫ್ಯಾನು ನೋಡಿದೆ. "ಶನಿವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಅಗೆದು ನೋಡೋಣ ಸರ್. ಸಿಕ್ಕರೆ ನೋಟಿಸು ವಾಪಸ್. ಸಿಗದಿದ್ದರೆ ಸೋಮವಾರ ಕೆಲಸ ಶುರು," ಎಂದಳು. ಅಷ್ಟು ಜನರೆದುರು ಬೇಡ ಎನ್ನಲು ಸಾಹೇಬರಿಗೆ ಬಾಯಿ ಬರಲಿಲ್ಲ. ಹಾಗೆಂದೇ ನಿರ್ಣಯ ಬರೆದರು.

ಶನಿವಾರ ಬೀದಿಗೆ ಬೀದಿಯೇ ನೆರೆದಿತ್ತು. ಬೆಂಚಿನ ಮೇಲೆ ದಿನವಿಡೀ ಕೂತು ಸರ್ಕಾರ ಬೀಳಿಸುವ ನಮ್ಮ ನಿವೃತ್ತರ ಗುಂಪು ಮುಂದಿನ ಸಾಲಿನಲ್ಲಿ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹನ್ನೊಂದು ವರ್ಷದಿಂದ ಕದದ ಹಿಂದೆ ಒರಗಿದ್ದ ಕೀಲಿಗೆ ಎಣ್ಣೆ ಸವರಿ, ಹೆಗಲಿಗೇರಿಸಿ ಬಂದರು. ಅಕ್ಕ ಬರಲಿಲ್ಲ. ನಾಳೆ ಕೊಡಬೇಕಾದ ಬಟ್ಟೆ ಇದೆಯಂತೆ. "ನೀರು ಬಂದ್ರೆ ನಲ್ಲಿ ನನ್ನ ಅಂಗಡಿ ಪಕ್ಕದಲ್ಲೇ ಇದೆ, ಗೊತ್ತಾಗುತ್ತೆ" ಎಂದು ಯಂತ್ರ ತುಳಿಯುತ್ತಿದ್ದಳು.

ಭಾವ ಶಾಲೆಯ ಗೇಟಿನ ಎಡಗಂಬಕ್ಕೆ ಹಿಮ್ಮಡಿ ತಾಗಿಸಿ ನಿಂತರು. ಚರಂಡಿ ಅಂಚಿನಲ್ಲಿ ನಡೆಯತೊಡಗಿದರು. ಬೀದಿಯವರೆಲ್ಲ ಮದುವೆ ಮನೆಯವರ ಹಾಗೆ ಅವರ ಹಿಂದೆಯೇ ನಡೆದರು, ಬಾಯಲ್ಲಿ ಎಣಿಕೆ. ಎಂಬತ್ತೆರಡು, ಎಂಬತ್ತಮೂರು, ಎಂಬತ್ತನಾಲ್ಕು. ಸೈಕಲ್ ರಿಪೇರಿ ಅಂಗಡಿಯೆದುರು ಭಾವ ನಿಂತು ಸುಣ್ಣದಲ್ಲಿ ಗುರುತು ಹಾಕಿದರು. ಕೆಲಸದವರು ಡಾಂಬರು ಒಡೆದರು, ಜಲ್ಲಿ ತೆಗೆದರು, ಮಣ್ಣು ತೆಗೆದರು. ಸೊಂಟದಾಳ ಆಯಿತು. ಎದೆಯಾಳ ಆಯಿತು. ಅಕ್ಕಪಕ್ಕ ಎರಡೆರಡು ಅಡಿ ಅಗಲ ಮಾಡಿದರು. ಕಪ್ಪು ಕಬ್ಬಿಣದ ಪೈಪ್ ಸಿಕ್ಕಿತು, ಗಟ್ಟಿಮುಟ್ಟಾಗಿತ್ತು. ಆದರೆ ವಾಲ್ವ್ ಇರಲಿಲ್ಲ.

ಹನ್ನೆರಡೂವರೆ ಹೊತ್ತಿಗೆ ಕೆಲಸದವರು ಗುಂಡಿಯಿಂದ ಮೇಲೆ ಬಂದು ಹಾರೆ ನೆಲಕ್ಕೆ ಊರಿ ನಿಂತರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬೆಂಚಿನ ಗುಂಪಿನಲ್ಲಿದ್ದ ನಿವೃತ್ತ ಕಂಡಕ್ಟರ್, ನಿನ್ನೆಯವರೆಗೂ ಭಾವನ ಪರವಾಗಿ ಗಂಟಲು ಹರಿದುಕೊಂಡವನು, "ನಾನು ಮೊದಲೇ ಅಂದಿದ್ದೆ" ಎಂದು ಶುರುಮಾಡಿದ. ಉದ್ಘಾಟನೆ ಸಾಹೇಬರು ಭಾವನ ಬೆನ್ನು ತಟ್ಟಿ, "ಬೇಜಾರು ಮಾಡ್ಕೋಬೇಡಿ ನೀರಣ್ಣ, ಮನೆಗೆ ಹೋಗಿ ಆರಾಮಾಗಿರಿ. ವಯಸ್ಸು ಅಂದ್ರೆ ಹಾಗೇನೇ" ಎಂದು ಊಟಕ್ಕೆ ಹೊರಟರು. ಆ ಬೆನ್ನು ತಟ್ಟಿದ್ದು ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಮೂವತ್ತೆಂಟು ವರ್ಷದ ಹಿಂದೆ ಕೆಂಪು ಶಾಯಿಯಲ್ಲಿ ನಾನು ಬರೆದದ್ದೂ ಇದನ್ನೇ ಅಲ್ಲವೇ ಎನ್ನಿಸಿ ನಾಚಿಕೆಯಾಯಿತು. ಇಂಜಿನಿಯರ್ ಮಾತ್ರ ಹೋಗಲಿಲ್ಲ. ಗುಂಡಿಯ ಪಕ್ಕದಲ್ಲಿ ಛತ್ರಿ ಬಿಡಿಸಿಕೊಂಡು, "ಐದರ ತನಕ ಟೈಮ್ ಇದೆ ಸರ್" ಎಂದಷ್ಟೇ ಹೇಳಿದಳು.

ಭಾವ ಅಕ್ಕನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು. ಕೀಲಿಯನ್ನು ಗೋಡೆಗೆ ಒರಗಿಸಿದ ಸದ್ದಿಗೇ ಅಕ್ಕನಿಗೆ ಎಲ್ಲ ಗೊತ್ತಾಯಿತು.

"ತಲೆ ಕೆಟ್ಟಿದೆ ಕಣೇ ನಂಗೆ. ಬರೆದದ್ದೇ ತಪ್ಪಾಗಿದ್ರೆ ನನ್ನ ಇಡೀ ಜೀವಮಾನದ ಕೆಲಸ ಸುಳ್ಳು," ಎಂದರು. "ನಿನ್ನ ಅಂಗಡಿ ಉಳಿಸ್ತೀನಿ ಅಂತ ಹೊರಟು ಇನ್ನೂ ಬೇಗ ಮುಳುಗಿಸಿದೆ."

ಅಕ್ಕ ಸಮಾಧಾನ ಹೇಳುವ ಜಾತಿಯವಳಲ್ಲ. ಸಂಕಟವಾದಾಗ ಅವಳು ಬೈಯುತ್ತಾಳೆ. "ಮೊದಲು ಆ ಪ್ಯಾಂಟು ಬದಲಾಯಿಸಿ. ಅಂಚೆಲ್ಲ ಮಣ್ಣು. ನೆಲ ಗುಡಿಸ್ಕೊಂಡು ಓಡಾಡ್ತಿದೀರಿ. ಬೆಳಿಗ್ಗೆ ಹೇಳಿದೆ, ಅದು ಹಳೇದು, ಉದ್ದ ಆಗುತ್ತೆ ಅಂತ. ಕೇಳಿದ್ರಾ?" ಎನ್ನುತ್ತ ಗೂಟದಿಂದ ಬೇರೊಂದು ಪ್ಯಾಂಟು ಎಳೆದು ಅವರ ಮಡಿಲಿಗೆ ಹಾಕಿದಳು.

"ಹಳೇದಾದ್ರೇನು, ನಂದೇ ತಾನೆ? ನೀನೇ ಹೊಲಿದದ್ದು."

"ನಾನೇ ಹೊಲಿದೆ, ಆವತ್ತಿನ ಕಾಲಿಗೆ! ಇವತ್ತಿನ ಕಾಲಿಗೆ ಆಗುತ್ತಾ? ನಿಮ್ಮ ಪ್ಯಾಂಟಿಗೆ ಎಷ್ಟು ಸಲ ಮಡಿಕೆ ಹಾಕಿದೀನಿ ಗೊತ್ತಾ? ಬೆನ್ನು ಬಗ್ಗಿತು, ಮಂಡಿ ನೆಟ್ಟಗಾಗಲ್ಲ. ಮೊದಲು ನೀವು ನಡೆದ್ರೆ ನಾನು ಓಡಬೇಕಿತ್ತು, ಈಗ ನಾನು ನಿಂತು ನಿಂತು ಕಾಯ್ತೀನಿ. ಹಳೇ ಅಳತೆ ಸುಳ್ಳಲ್ಲ ರೀ. ಆದ್ರೆ ಮನುಷ್ಯ ಅದೇ ಇರಲ್ಲ. ಅದಕ್ಕೇ ನಾನು ಪ್ರತಿ ಸಲ…"

ಅವಳ ಮಾತು ಮುಗಿಯಲಿಲ್ಲ. ಭಾವ ಮಡಿಲಲ್ಲಿದ್ದ ಪ್ಯಾಂಟನ್ನು ನೋಡುತ್ತಿದ್ದವರು ತಮ್ಮ ಕಾಲು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಕಣ್ಣಲ್ಲಿ ಏನೋ ಹೊತ್ತಿಕೊಂಡಿತ್ತು.

"ಗುಮಾಸ್ತರೇ, ಪುಸ್ತಕ ತೆಗಿ. ಈ ಬೀದಿ ಪುಟದಲ್ಲಿ ಮೇಲ್ಗಡೆ ಏನಿದೆ ಓದು."

ಓದಿದೆ. "ಗೇಟಿನಿಂದ ಸೇತುವೆಯ ಕಲ್ಲುಕಂಬದವರೆಗೆ ನೂರ ಅರವತ್ತು ಹೆಜ್ಜೆ."

"ಗೇಟೂ ಅಲ್ಲೇ ಇದೆ, ಕಂಬಾನೂ ಅಲ್ಲೇ ಇದೆ. ಅಲುಗಾಡಿದ್ದು ನಾನೊಬ್ಬನೇ. ಆಗ ನಂಗೆ ಮೂವತ್ತು ಚಿಲ್ಲರೆ ಕಣೋ! ನಡಿ!"

ಮಣ್ಣು ಮೆತ್ತಿದ ಪ್ಯಾಂಟಿನಲ್ಲೇ ಎದ್ದು ಹೊರಟರು. ಎಪ್ಪತ್ತೊಂದು ವರ್ಷದವರ ಹಿಂದೆ ನಾನು ಏದುಸಿರು ಬಿಡುತ್ತ ಓಡಬೇಕಾಯಿತು. ಗೇಟಿನ ಕಂಬಕ್ಕೆ ಹಿಮ್ಮಡಿ ತಾಗಿಸಿ ಮತ್ತೆ ಹೊರಟರು. ಅವಸರದಲ್ಲಿ ಹೆಜ್ಜೆ ದೊಡ್ಡದಾಯಿತೆಂದು ಅವರಿಗೇ ಅನುಮಾನ ಬಂದು ವಾಪಸ್ ಬಂದು ಮೊದಲಿನಿಂದ ಶುರುಮಾಡಿದರು. ಈ ಸಲ ಬೆಳಿಗ್ಗೆ ನಡೆದ ಹಾಗೆಯೇ ನಿಧಾನ. ನಾನು ಪಕ್ಕದಲ್ಲಿ ಗಟ್ಟಿಯಾಗಿ ಎಣಿಸುತ್ತ ನಡೆದೆ. ಊಟ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಬಂದವರು ನಮ್ಮಿಬ್ಬರಿಗೂ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ನೂರ ಅರವತ್ತಕ್ಕೆ ಸೇತುವೆ ಇನ್ನೂ ದೂರವಿತ್ತು. ಕಲ್ಲುಕಂಬಕ್ಕೆ ಭಾವನ ಕಾಲು ತಾಗಿದಾಗ ನನ್ನ ಬಾಯಲ್ಲಿ ಇನ್ನೂರು.

ಭಾವ ಕಂಬ ಹಿಡಿದುಕೊಂಡು ನಕ್ಕರು. ಉಸಿರು ಸಿಗದಿದ್ದರೂ ನಕ್ಕರು. "ನಲವತ್ತು ಹೆಜ್ಜೆ ಸಣ್ಣೋನಾಗಿದೀನಿ ಕಣೋ! ಲೆಕ್ಕ ಹಾಕು ಈಗ."

ಮೂವತ್ತಮೂರು ವರ್ಷ ಲೆಕ್ಕ ಹಾಕಿದವನು ನಾನು, ಜೇಬಿನಿಂದ ಪೆನ್ನು ತೆಗೆದೆ. ಆಗ ನೂರ ಅರವತ್ತು ಹೆಜ್ಜೆಯಾಗಿದ್ದದ್ದು ಈಗ ಇನ್ನೂರು. ಹಾಗಾದರೆ ಆಗ ಎಂಬತ್ತನಾಲ್ಕಾಗಿದ್ದದ್ದು ಈಗೆಷ್ಟು? ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದೆ, ಇಂಜಿನಿಯರ್ ಫೋನಿನಲ್ಲಿ ಒತ್ತಿದಳು. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. "ನೂರ ಐದು."

ಮತ್ತೆ ಗೇಟು. ಮತ್ತೆ ಎಣಿಕೆ. ಈ ಸಲ ಹಿಂದೆ ಬರುತ್ತಿದ್ದವರು ಕಡಿಮೆ, ಎಣಿಸುವ ದನಿ ಮಾತ್ರ ಜೋರು. ಸೈಕಲ್ ಅಂಗಡಿಯ ಗುಂಡಿ ದಾಟಿದೆವು. ತೊಂಬತ್ತು. ನೂರು. ನೂರ ಮೂರಕ್ಕೆ ಭಾವ ನಿಂತುಬಿಟ್ಟರು. ಮುಂದೆ ಹೋಗಲು ಜಾಗವಿರಲಿಲ್ಲ. ಎದುರಿಗೆ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ನುಣುಪಾದ ಕಲ್ಲು, ಕಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಸಾಹೇಬರ ಹೆಸರು. ನೂರ ಐದನೆಯ ಹೆಜ್ಜೆ ಬೀಳುವುದು ಸರಿಯಾಗಿ ಆ ಅಡಿಗಲ್ಲಿನ ಕೆಳಗೆ.

ನನ್ನ ಹಿಂದಿನಿಂದ ಒಬ್ಬ ಹೆಂಗಸು ಕಿಸಕ್ಕೆಂದಳು, ಅಷ್ಟೇ ಸಾಕಾಯಿತು. ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫೋನ್ ಹೋಗಿ ಸಾಹೇಬರು ಓಡೋಡಿ ಬಂದಾಗ ಗಂಟೆ ಮೂರು. ಅವರ ಮುಖ ನೋಡುವಂತಿತ್ತು.

"ಇದನ್ನ ತೆಗೆಯೋಕೆ ಹೇಗಾಗುತ್ತೆ? ಇದು ಅಡಿಗಲ್ಲು! ಒಂದು ಸಲ ಆಗ್ಲೇ ತಪ್ಪಿದೀರಿ. ಇನ್ನೊಂದು ಸಲ ತಪ್ಪಲ್ಲ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ನಾನು," ಎಂದರು ಭಾವ. "ಸಿಗ್ಲಿಲ್ಲ ಅಂದ್ರೆ ಸೋಮವಾರ ನನ್ನ ಹೆಂಡತಿ ಅಂಗಡೀನ ನಾನೇ ನನ್ನ ಕೈಯಾರೆ ಖಾಲಿ ಮಾಡಿಕೊಡ್ತೀನಿ. ನೀವು ರಿಬ್ಬನ್ ಕಟ್ಟಿಸಿಕೊಳ್ಳಿ."

ಸಾಹೇಬರು ಇಂಜಿನಿಯರ್ ಕಡೆ ನೋಡಿದರು. ಅವಳು ಗಡಿಯಾರ ನೋಡಿಕೊಂಡಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಖಾಲಿ ಬಿಂದಿಗೆಗಳನ್ನು ತಂದು ಕಟ್ಟೆಯ ಸುತ್ತ ಇಡತೊಡಗಿದರು. ಬೈಗುಳವಿಲ್ಲ, ಘೋಷಣೆಯಿಲ್ಲ, ಸುಮ್ಮನೆ ಬಿಂದಿಗೆ. ಐವತ್ತಾದರೂ ಆಗಿರಬೇಕು. ರಾಜಕೀಯ ನನಗೆ ಚೆನ್ನಾಗಿ ಗೊತ್ತು, ಎಷ್ಟು ಸಭೆಗಳ ನಡಾವಳಿ ಬರೆದಿದ್ದೇನೆ. ಆದರೆ ಅಷ್ಟು ಚಂದದ ಭಾಷಣ ನಾನು ಯಾವ ಸಭೆಯಲ್ಲೂ ಕೇಳಿರಲಿಲ್ಲ. ಸಾಹೇಬರು ಬಿಂದಿಗೆಗಳನ್ನು ನೋಡಿದರು, ಜನರನ್ನು ನೋಡಿದರು, ಮುಂದಿನ ಚುನಾವಣೆಯನ್ನೂ ನೋಡಿರಬೇಕು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ನೀರಿಗಿಂತ ಹೆಸರು ದೊಡ್ಡದೇನ್ರೀ? ತೆಗೀರಿ, ತೆಗೀರಿ," ಎಂದರು. ಇದನ್ನೂ ಉದ್ಘಾಟನೆಯ ದನಿಯಲ್ಲೇ ಹೇಳಿದರು ಎನ್ನಿ.

ಕಲ್ಲು ಮೇಲೆದ್ದಿತು, ಕಟ್ಟೆ ಒಡೆಯಿತು. ಮೊಣಕಾಲಾಳ, ಸೊಂಟದಾಳ. ನಾಲ್ಕು ಗಂಟೆಗೆ ಹಾರೆ ಏನಕ್ಕೋ ತಾಗಿ ಠಣ್ ಎಂದಿತು.

"ನಿಲ್ಲಿಸಿ!" ಭಾವ ಕೂಗಿದರು. ಬೇಡವೆಂದರೂ ಕೇಳದೆ ಇಬ್ಬರ ಹೆಗಲು ಹಿಡಿದು ತಾವೇ ಗುಂಡಿಗಿಳಿದರು. ಬರಿಗೈಯಲ್ಲಿ ಮಣ್ಣು ಸರಿಸಿದರು. ತುಕ್ಕು ಹಿಡಿದ ದುಂಡನೆಯ ಮುಚ್ಚಳ, ಅದರ ಕೆಳಗೆ ಚೌಕನೆಯ ತಲೆ. ಭಾವ ಇಸ್ತ್ರಿ ಮಾಡಿದ ಅಂಗಿಯ ತುದಿಯಿಂದಲೇ ಅದನ್ನು ಒರೆಸಿದರು. ಮೇಲೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಮುಚ್ಚಿಡುವುದೇಕೆ?

ಚೌಕನೆಯ ತಲೆಗೆ ಕೀಲಿ ಕೂಡಿಸಿ, ಎಣ್ಣೆ ಸುರಿದು, ಅಡ್ಡ ಹಿಡಿಕೆಗೆ ಒಂದು ಕಡೆ ಭಾವ, ಇನ್ನೊಂದು ಕಡೆ ಹಾರೆಯವನು. ಕದಲಲಿಲ್ಲ. ನಾನು ಸೇರಿಕೊಂಡೆ. ಕದಲಲಿಲ್ಲ. ಆಗ ನೋಡುತ್ತೇನೆ, ಉದ್ಘಾಟನೆ ಸಾಹೇಬರು ಅಂಗಿಯ ತೋಳು ಮಡಚಿಕೊಂಡು ಬಂದು ಭಾವನ ಪಕ್ಕದಲ್ಲಿ ಹಿಡಿಕೆ ಹಿಡಿದರು. ಕಿರ್ರೆಂದು ಒಂದು ಸದ್ದು. ಕಾಲು ಸುತ್ತು. ಅರ್ಧ ಸುತ್ತು.

"ಒಂದು!" ಎಂದರು ಭಾವ. ಬೀದಿ "ಒಂದು!" ಎಂದಿತು. ಎರಡು, ಮೂರು, ನಾಲ್ಕು. ಹತ್ತು ದಾಟಿದ ಮೇಲೆ ನೆಲದೊಳಗೆ ಗುಳುಗುಳು ಸದ್ದು ಕೇಳಿಸಿತು. ಮನೆಮನೆಯ ನಲ್ಲಿಗಳು ಕೆಮ್ಮಿದವು, ಸೀನಿದವು, ಕೆಂಪು ನೀರು ಕಾರಿದವು. ಹದಿನೇಳು, ಹದಿನೆಂಟು. ಹದಿನೆಂಟಕ್ಕೆ ಕೀಲಿ ತಾನಾಗಿ ನಿಂತಿತು, ಒಂದು ಕೂದಲೆಳೆಯೂ ಹೆಚ್ಚಿಲ್ಲ.

ಅಷ್ಟರಲ್ಲಿ ಸಾಲಿನ ಕೊನೆಯಿಂದ ಒಂದು ಕೂಗು. "ಬಂತೂ! ರೀ, ಬಂತೂ!"

ಅಕ್ಕ ಅಂಗಡಿಯ ಹೊರಗೆ ನಲ್ಲಿಯೆದುರು ನಿಂತಿದ್ದಳು. ಮೊದಲ ಹೊಡೆತಕ್ಕೆ ತಲೆಯಿಂದ ಕಾಲಿನವರೆಗೂ ನೆನೆದು ಹೋಗಿದ್ದಳು. ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಮುಖದ ಮೇಲೆ ಹರಿಯುತ್ತಿದ್ದುದರಲ್ಲಿ ನಲ್ಲಿಯದೆಷ್ಟು, ಕಣ್ಣಿನದೆಷ್ಟು ಎಂದು ನಾನು ಕೇಳಲಿಲ್ಲ. ಭಾವ ಕೀಲಿಯನ್ನು ಹೆಗಲಿಗೇರಿಸಿಕೊಂಡು ಬೀದಿಯ ನಟ್ಟನಡುವೆ ಅವಳ ಕಡೆಗೆ ನಡೆದರು. ಜನ ಎರಡು ಬದಿಗೂ ಸರಿದು ದಾರಿ ಬಿಟ್ಟರು. ನಿವೃತ್ತ ಕಂಡಕ್ಟರ್ "ನಾನು ಮೊದಲೇ ಅಂದಿದ್ದೆ" ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು.

ಸೋಮವಾರ ಬಂತು. ಐದೂ ಅಂಗಡಿಗಳು ಎಂದಿನಂತೆ ತೆರೆದವು. ನೋಟಿಸು ವಾಪಸ್ ಪಡೆದ ಕಾಗದ ಬಂತು. ಅದರ ಹಿಂಬದಿಯಲ್ಲೂ ಅಕ್ಕ ಅಳತೆ ಬರೆದುಕೊಂಡಳು. ಯಾರ ಅಳತೆ ಅಂದರೆ ಉದ್ಘಾಟನೆ ಸಾಹೇಬರದೇ. ನೀರು ಬಂದ ಸಮಾರಂಭವೊಂದನ್ನು ಇಟ್ಟುಕೊಂಡಿದ್ದರು, ಅದಕ್ಕೆ ಹೊಸ ಅಂಗಿ ಬೇಕಿತ್ತು. "ಹಳೇ ಅಳತೆಗೇ ಹೊಲೀರಿ ಅಕ್ಕಾ" ಎಂದರಂತೆ. ಅಕ್ಕ ಟೇಪು ಸುತ್ತಿ, "ಸೊಂಟ ನಾಲ್ಕು ಇಂಚು ಮುಂದೆ ಹೋಗಿದೆ. ಅಡಿಗಲ್ಲು ಕಡಿಮೆ ಮಾಡಿ, ನಡೀರಿ ಸ್ವಲ್ಪ" ಎಂದಳಂತೆ. ಆತ ನಕ್ಕದ್ದನ್ನು ನಾನೇ ಹೊರಗಿನಿಂದ ಕೇಳಿಸಿಕೊಂಡೆ.

ಆ ವಾರ ಇಂಜಿನಿಯರ್ ಅಂಗಡಿಗೆ ಬಂದು, ಪುಸ್ತಕದಲ್ಲಿರುವ ಎಲ್ಲ ವಾಲ್ವ್‌ಗಳನ್ನೂ ಹುಡುಕಿ ಗುರುತು ಹಾಕಬೇಕು, ನೀರಣ್ಣ ಜೊತೆಗೆ ಬಂದು ನಡೆದುಕೊಡಬೇಕು, ಪುಸ್ತಕ ಕಚೇರಿಯ ದಾಖಲೆಗೆ ಸೇರಬೇಕು ಎಂದು ಕೇಳಿದಳು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪೆನ್ನು ತೆಗೆದು ಮೊದಲ ಪುಟದ ಕೆಂಪಕ್ಷರದ ಮೇಲೆ ಗೀಟು ಎಳೆಯಲು ಹೋದೆ. ಭಾವ ನನ್ನ ಕೈ ಹಿಡಿದರು.

"ಇರಲಿ ಬಿಡೋ. ನೀನು ವಾಪಸ್ ಕೊಟ್ಟಿದ್ದಕ್ಕೇ ಇದು ನಮ್ಮನೇಲಿ ಉಳೀತು. ನಿನ್ನ ಬೀರುವಿನಲ್ಲಿದ್ದಿದ್ರೆ ಗೆದ್ದಲು ಊಟ ಮಾಡಿರೋದು."

ಅದು ಕ್ಷಮೆಯೋ ಮೂದಲಿಕೆಯೋ ಇಂದಿಗೂ ನನಗೆ ಖಾತ್ರಿಯಿಲ್ಲ. ಎರಡೂ ಇರಬೇಕು, ಭಾವ ಅಂದಮೇಲೆ. ಕೆಂಪು ಸಾಲನ್ನು ಹಾಗೇ ಬಿಟ್ಟು, ಅದರ ಕೆಳಗೆ ಬರೆದೆ: "ಮರುಪರಿಶೀಲಿಸಲಾಗಿದೆ. ಹೆಜ್ಜೆಯನ್ನು ಅಂಗೀಕರಿಸಲಾಗಿದೆ." ಮುದ್ರೆ ಇರಲಿಲ್ಲ. ಸಹಿ ಹಾಕಿದೆ.

"ಅಂಗೀಕರಿಸಿದ್ರೆ ಸಾಕಾ?" ಎಂದಳು ಅಕ್ಕ ಯಂತ್ರ ನಿಲ್ಲಿಸಿ. "ಅಳತೆ ಎಲ್ಲಿ?" ಕೊರಳಿಂದ ಟೇಪು ತೆಗೆದುಕೊಂಡು ಕೆಳಗೆ ಕೂತಳು. ಭಾವ ಅಂಗಡಿಯ ಬಾಗಿಲಲ್ಲಿ ಒಂದು ಹೆಜ್ಜೆ ಇಟ್ಟು ನಿಂತರು. ಹಿಮ್ಮಡಿಯಿಂದ ಹಿಮ್ಮಡಿಗೆ ಟೇಪು ಹಿಡಿದು, "ಇಪ್ಪತ್ನಾಲ್ಕು ಇಂಚು. ಬರ್ಕೋ, ತಾರೀಖು ಹಾಕು" ಎಂದು ನನಗೆ ಹೇಳಿದಳು. "ಮುಂದಿನ ವರ್ಷ ಮತ್ತೆ ಅಳೀಬೇಕು."

"ಮುಂದಿನ ವರ್ಷ ಇರ್ತೀನೇನೇ ನಾನು?" ಎಂದರು ಭಾವ.

ಅಕ್ಕ ಟೇಪು ಬಿಡದೆ ತಲೆಯೆತ್ತಿ ನೋಡಿದಳು. "ಇಷ್ಟೊಂದು ವಾಲ್ವ್ ಬಾಕಿ ಇಟ್ಕೊಂಡು ಎಲ್ಲಿಗೆ ಹೋಗ್ತೀರಿ? ಅಲುಗಾಡಬೇಡಿ. ನಿಲ್ಲಿ ನೆಟ್ಟಗೆ."

ಭಾವ ನೆಟ್ಟಗೆ ನಿಂತರು.